ಮನೆಯಲ್ಲಿ ಕೇಳಿ ಬೆಳೆದ ಸ್ಪ್ಯಾನಿಷನ್ನು ಕಾಲೇಜಿನಲ್ಲಿ ಕಲಿಸುವುದು ಹೇಗೆ

ಸ್ಪ್ಯಾನಿಷ್ ಕ್ಲಾಸು ಅಂದರೆ ‘ಓಲಾ, ಕೋಮೊ ಎಸ್ತಾಸ್’ (ನಮಸ್ಕಾರ, ಹೇಗಿದ್ದೀಯ) ಇಂದ ಶುರುವಾಗಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಾನೂ ಇಪ್ಪತ್ತು ದಾಟಿದ ಮೇಲೆ ಹೈದರಾಬಾದಿನಲ್ಲಿ ಹಾಗೇ ಶುರು ಮಾಡಿದ್ದು. ಆಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ಪಾಠ ಮಾಡಲು ನಿಂತೆ. ಎದುರಿಗೆ ಕೂತಿದ್ದವರು ಬೇರೆಯೇ ಥರದವರು. ಅವರ ಅಮ್ಮ ಜೋಗುಳ ಹಾಡಿದ್ದು ಸ್ಪ್ಯಾನಿಷಿನಲ್ಲಿ. ಅಜ್ಜಿ ಬೈಯುವುದೂ ಸ್ಪ್ಯಾನಿಷಿನಲ್ಲೇ. ನಾನು ಹತ್ತು ವರ್ಷ ಕಷ್ಟಪಟ್ಟು ಕಲಿತ ಉಚ್ಚಾರಣೆ ಅವರಿಗೆ ತಾಯಿಯ ಹಾಲಿನ ಜೊತೆ ಬಂದಿತ್ತು. ಆದರೆ ‘ಬಾಡಿಗೆ ಮನೆಯ ಮಾಲೀಕರಿಗೆ ಒಂದು ಕಾಗದ ಬರೆಯಿರಿ’ ಅಂದರೆ ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು.

ಇಂಥವರನ್ನು ಅಲ್ಲಿ ಹೆರಿಟೇಜ್ ಸ್ಪೀಕರ್ ಅನ್ನುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ವಾದಲೂಪೆ ವಲ್ದೇಸ್ ಅವರು ಕೊಟ್ಟ ವಿವರಣೆಯನ್ನೇ ಹೆಚ್ಚಿನವರು ಬಳಸುತ್ತಾರೆ. ಇಂಗ್ಲಿಷ್ ಅಲ್ಲದ ಮಾತು ನಡೆಯುವ ಮನೆಯಲ್ಲಿ ಬೆಳೆದವರು, ಆ ಮಾತನ್ನು ಆಡಬಲ್ಲವರು ಅಥವಾ ಕಡೇಪಕ್ಷ ಕೇಳಿ ಅರ್ಥ ಮಾಡಿಕೊಳ್ಳಬಲ್ಲವರು ಅಂತ ಅದರ ಸಾರ. 2020ರ ಜನಗಣತಿಯಲ್ಲಿ ಅಮೆರಿಕದಲ್ಲಿದ್ದ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರೇ ಸುಮಾರು 6.2 ಕೋಟಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು 4 ಕೋಟಿಗೂ ಜಾಸ್ತಿ. ಅಲ್ಲಿ ಸ್ಪ್ಯಾನಿಷನ್ನು ‘ವಿದೇಶಿ ಭಾಷೆ’ ಅನ್ನುವುದೇ ವಿಚಿತ್ರ. ಇಂಗ್ಲಿಷರು ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಊರು ಕಟ್ಟಿದ್ದು 1607ರಲ್ಲಿ, ಸ್ಪ್ಯಾನಿಷರು ಫ್ಲೋರಿಡಾದಲ್ಲಿ ಸೇಂಟ್ ಆಗಸ್ಟೀನ್ ಕಟ್ಟಿದ್ದು 1565ರಲ್ಲಿ.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣ ಇದೆ. ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ದಿಲ್ಲಿಯ ಜೆಎನ್‌ಯು ಥರದ ಕಡೆ ಸ್ಪ್ಯಾನಿಷ್ ಓದಿ ಅಮೆರಿಕಕ್ಕೆ ಪಿಎಚ್‌ಡಿಗೆ ಹೋದರೆ, ಸ್ಕಾಲರ್‌ಶಿಪ್ಪಿನ ಜೊತೆ ಒಂದು ಕ್ಲಾಸೂ ಕೈಗೆ ಬರಬಹುದು. ಅದು ಇಂಥ ಕ್ಲಾಸೇ ಆಗಿದ್ದರೆ ನಮ್ಮ ಪಠ್ಯಪುಸ್ತಕದ ತಯಾರಿ ಅರ್ಧವೂ ಸಾಲುವುದಿಲ್ಲ. ಇನ್ನು ಅಲ್ಲಿ ಭಾನುವಾರದ ಕನ್ನಡ ಶಾಲೆ ನಡೆಸುವವರು ಓದಿದರೆ, ತಮ್ಮ ಮಕ್ಕಳನ್ನು ಇಲ್ಲಿ ಗುರುತಿಸಬಹುದು.

1. ಮೊದಲು, ಯಾರು ಕೂತಿದ್ದಾರೆ ಅಂತ ನೋಡಿ

ಕ್ಲಾಸಿಗೆ ಸೇರಿಸುವ ಮುಂಚೆ ಕಾಲೇಜುಗಳು ಒಂದು ಪ್ಲೇಸ್‌ಮೆಂಟ್ ಪರೀಕ್ಷೆ ಕೊಡುತ್ತವೆ. ಎಷ್ಟೋ ಸಲ ಅದು ಹೊಸದಾಗಿ ಕಲಿಯುವವರಿಗೆ ಮಾಡಿದ್ದಾಗಿರುತ್ತದೆ. ‘ಈ ಕ್ರಿಯಾಪದದ ಪ್ರೆತೆರಿತೊ ರೂಪ ಬರೆಯಿರಿ’ ಅಂತ ಕೇಳುತ್ತದೆ, ಅಂದರೆ ಮುಗಿದ ಭೂತಕಾಲದ ರೂಪ. ನಮ್ಮ ಹುಡುಗಿ ದಿನಕ್ಕೆ ನೂರು ಸಲ ಆ ರೂಪವನ್ನು ತಪ್ಪಿಲ್ಲದೆ ಬಳಸುತ್ತಾಳೆ. ಅದಕ್ಕೆ ಪ್ರೆತೆರಿತೊ ಅನ್ನುತ್ತಾರೆ ಅಂತ ಮಾತ್ರ ಗೊತ್ತಿಲ್ಲ. ‘ನೀನು ಮಾತಾಡುವಾಗ ಸಂಧಿ ಎಲ್ಲಿ ಮಾಡುತ್ತೀಯ’ ಅಂತ ಕೇಳಿದರೆ ನಮ್ಮೂರಿನ ಸಂತೆಯಲ್ಲಿ ಯಾರು ಉತ್ತರ ಕೊಡುತ್ತಾರೆ, ಹೇಳಿ?

ಹಾಗಾಗಿ ಆ ಅಂಕವನ್ನು ಒಂದು ಪಕ್ಕಕ್ಕಿಡಿ. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಕೊಡಿ. ಐದು ನಿಮಿಷ ಸುಮ್ನೆ ಮಾತಾಡಿಸಿ. ಒಂದು ಸಣ್ಣ ರೇಡಿಯೊ ಸುದ್ದಿ ಕೇಳಿಸಿ, ಏನು ಅರ್ಥವಾಯಿತು ಕೇಳಿ. ಇಂಗ್ಲಿಷಿನಲ್ಲಿ ಹೇಳಿದರೂ ಪರವಾಗಿಲ್ಲ. ಆಮೇಲೆ ಒಂದು ಪ್ಯಾರಾ ಬರೆಸಿ. ಕೊನೆಗೆ ನಾಲ್ಕು ಪ್ರಶ್ನೆ: ಮನೆಯಲ್ಲಿ ಯಾರ ಜೊತೆ ಯಾವ ಭಾಷೆ? ಅಣ್ಣ ತಂಗಿಯರ ಜೊತೆ? ಎಷ್ಟನೇ ವಯಸ್ಸಿಗೆ ಇಂಗ್ಲಿಷ್ ಶಾಲೆ? ಸ್ಪ್ಯಾನಿಷಿನಲ್ಲಿ ಕೊನೆಯ ಸಲ ಏನು ಓದಿದ್ದು?

ಉತ್ತರಗಳಿಂದ ಮೂರು ಗುಂಪು ತಾವಾಗಿಯೇ ಕಾಣುತ್ತವೆ. ಹತ್ತು ಹನ್ನೆರಡು ವಯಸ್ಸಿಗೆ ಬಂದವರು, ಇವರಿಗೆ ಓದು ಬರಹ ಬರುತ್ತದೆ. ಅಲ್ಲೇ ಹುಟ್ಟಿ ಚೆನ್ನಾಗಿ ಮಾತಾಡುವವರು, ಆದರೆ ಬರೆದೇ ಇಲ್ಲ. ಮೂರನೆಯವರು ಎಲ್ಲಾ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಮನೆಯಲ್ಲಿ ಸಾಮಾನ್ಯವಾಗಿ ದೊಡ್ಡ ಮಗ ಎರಡನೇ ಗುಂಪು, ಕೊನೆಯವಳು ಮೂರನೇ ಗುಂಪು. ದೊಡ್ಡವನು ಶಾಲೆಗೆ ಹೋಗಿ ಇಂಗ್ಲಿಷ್ ತಂದಮೇಲೆ ಹುಟ್ಟಿದವಳು ಅವಳು, ಅಲ್ವಾ.

ನಾಲ್ಕನೆಯ ಥರದವರೂ ಇದ್ದಾರೆ, ನಾನು ಒಂದು ವರ್ಷ ಅವರನ್ನು ಗಮನಿಸಲೇ ಇಲ್ಲ. ಮೆಕ್ಸಿಕೊದ ವಹಾಕಾ ಕಡೆಯಿಂದ ಬಂದ ಮನೆಗಳಲ್ಲಿ ಅಜ್ಜಿಯ ಮಾತು ಸಾಪೊತೆಕ್ ಅಥವಾ ಮಿಶ್ತೆಕ್ ಇರುತ್ತದೆ. ಗ್ವಾಟೆಮಾಲಾದಿಂದ ಬಂದವರ ಮನೆಯಲ್ಲಿ ಮಾಯಾ ಭಾಷೆಗಳಲ್ಲಿ ಒಂದು ಇರಬಹುದು. ಆ ಹುಡುಗನಿಗೆ ಸ್ಪ್ಯಾನಿಷೂ ಅಪ್ಪ ಅಮ್ಮ ಕಲಿತುಕೊಂಡ ಭಾಷೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಅಂತ ಬೆಳೆದ ಮಂಗಳೂರಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ‘ನಿಮ್ಮ ಮನೆಮಾತು ಸ್ಪ್ಯಾನಿಷ್ ತಾನೇ’ ಅಂತ ಮೊದಲೇ ತೀರ್ಮಾನ ಮಾಡಬೇಡಿ, ಕೇಳಿ.

2. ಮೊದಲ ವಾರ ವ್ಯಾಕರಣ ಮುಟ್ಟಬೇಡಿ

ಇವರಿಗೆ ಎರಡೂ ಕಡೆಯಿಂದ ಏಟು ಬಿದ್ದಿರುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಸ್ಪ್ಯಾನಿಷ್ ಆಡಬೇಡ ಅನ್ನಿಸಿಕೊಂಡ ಮನೆತನ. ಟೆಕ್ಸಾಸಿನಲ್ಲಿ 1918ರಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಕಾನೂನೇ ಬಂತು. ಆಟದ ಮೈದಾನದಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಹೊಡೆಸಿಕೊಂಡ ಅಜ್ಜಂದಿರು ಇನ್ನೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ‘ನನ್ನ ಮಕ್ಕಳಿಗೆ ಈ ಕಷ್ಟ ಬೇಡ’ ಅಂತ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನಮತದ ಮೂಲಕ ಶಾಲೆಗಳಲ್ಲಿ ಎರಡು ಭಾಷೆಯ ಪಾಠವನ್ನು ಹೆಚ್ಚುಕಡಿಮೆ ನಿಲ್ಲಿಸಿದರು. ಅದನ್ನು ತೆಗೆದುಹಾಕಿದ್ದು 2016ರಲ್ಲಿ.

ಇನ್ನೊಂದು ಏಟು ಸ್ವಂತ ನೆಂಟರದ್ದು. ‘ನನಗೆ ಗೊತ್ತಿಲ್ಲ’ ಅನ್ನಲು ಸ್ಪ್ಯಾನಿಷಿನಲ್ಲಿ ‘ನೋ ಸೇ’ ಅನ್ನಬೇಕು. ‘ನೋ ಸಬೋ’ ಅಂದರೆ ಮುಗಿಯಿತು, ಮದುವೆ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳೆಲ್ಲ ನಗುತ್ತಾರೆ. ಸ್ಪ್ಯಾನಿಷ್ ಸರಿಯಾಗಿ ಬಾರದ ಹುಡುಗರಿಗೆ ‘ನೋ ಸಬೋ ಕಿಡ್ಸ್’ ಅಂತಲೇ ಹೆಸರು ಬಿದ್ದಿದೆ. ಮೆಕ್ಸಿಕೊ ಕಡೆಯವರು ‘ಪೋಚೊ’ ಅಂತ ಹಳೆಯ ಬೈಗುಳ ಬಳಸುತ್ತಾರೆ.

ಮೊದಲ ದಿನವೇ ನಾನು ‘ನೋ ಸಬೋ’ವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ‘ಕೊಮೇರ್’ (ತಿನ್ನು) ಅನ್ನುವುದಕ್ಕೆ ‘ಕೋಮೊ’ (ತಿನ್ನುತ್ತೇನೆ), ‘ಬೆಬೇರ್’ (ಕುಡಿ) ಅನ್ನುವುದಕ್ಕೆ ‘ಬೇಬೊ’ (ಕುಡಿಯುತ್ತೇನೆ). ಹಾಗಾದರೆ ‘ಸಬೇರ್’ (ತಿಳಿ) ಅನ್ನುವುದಕ್ಕೆ? ಎಲ್ಲರೂ ನಗುತ್ತಾರೆ. ನಿಯಮ ಪಾಲಿಸಿದ್ದು ಆ ಮಗು. ನಿಯಮ ಮುರಿದಿದ್ದು ಭಾಷೆ. ಮೆಕ್ಸಿಕೊ ನಗರದಲ್ಲಿ ಬೆಳೆಯುವ ಮೂರು ವರ್ಷದ ಮಗುವೂ ಇದೇ ತಪ್ಪು ಮಾಡುತ್ತದೆ. ಅಲ್ಲಿ ಯಾರೂ ನಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಒಂದು ಪುಟ ಬರೆಸಿ: ‘ನನ್ನ ಮತ್ತು ನನ್ನ ಭಾಷೆಗಳ ಕತೆ’. ಯಾವ ಭಾಷೆಯಲ್ಲಾದರೂ ಬರೆಯಲಿ, ಎರಡನ್ನೂ ಬೆರೆಸಲಿ. ತಿದ್ದಬೇಡಿ. ಜೋಪಾನವಾಗಿ ಎತ್ತಿಡಿ, ಸೆಮಿಸ್ಟರಿನ ಕೊನೆಯಲ್ಲಿ ಬೇಕು. ಒಂದು ಎಚ್ಚರಿಕೆ: ಮನೆಯವರು ಹೇಗೆ ಯಾವಾಗ ದೇಶಕ್ಕೆ ಬಂದರು ಅಂತ ಎಂದೂ ಕೇಳಬೇಡಿ. ಕಾಗದಪತ್ರ ಇಲ್ಲದ ಮನೆಗಳಿರುತ್ತವೆ. ಅವರಾಗಿ ಬರೆದರೆ ಅದು ನಿಮ್ಮ ಹತ್ತಿರವೇ ಇರಲಿ, ಕ್ಲಾಸಿನಲ್ಲಿ ಓದಿಸಬೇಡಿ.

3. ಕೆಂಪು ಪೆನ್ನನ್ನು ಎಲ್ಲಿ ಇಡಬೇಕು

ನಾನು ಮಾಡಿದ ಮೊದಲ ದೊಡ್ಡ ತಪ್ಪು ಇಲ್ಲೇ. ಒಬ್ಬ ಹುಡುಗಿ ಮಾತಾಡುವಾಗ ‘ಐಗ’ ಅಂದಳು. ಪುಸ್ತಕದ ಸ್ಪ್ಯಾನಿಷಿನಲ್ಲಿ ಅದು ‘ಆಯ’, ‘ಇರಲಿ’ ಅನ್ನುವ ಥರದ ರೂಪ. ನಾನು ತಕ್ಷಣ ತಿದ್ದಿದೆ. ಅವಳು ‘ನಮ್ಮ ಅಮ್ಮ ಹಾಗೇ ಅನ್ನೋದು’ ಅಂದಳು. ‘ಅದು ತಪ್ಪು’ ಅಂದೆ. ಆ ಸೆಮಿಸ್ಟರಿನಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ. ಒಂದು ಶಬ್ದ ತಿದ್ದಿದೆ ಅಂದುಕೊಂಡಿದ್ದೆ. ಅವಳಿಗೆ ಕೇಳಿಸಿದ್ದು ‘ನಿಮ್ಮಮ್ಮ ತಪ್ಪು’ ಅಂತ.

‘ಐತೆ’ ಅಂದಿದ್ದಕ್ಕೆ ‘ಇದೆ ಅನ್ನು’ ಅಂತ ಬೈಸಿಕೊಂಡವರು ನಮ್ಮಲ್ಲೂ ಎಷ್ಟು ಜನ! ಅದರಲ್ಲಿ ನಾನೂ ಒಬ್ಬಳು. ಆದರೂ ಮರೆತಿದ್ದೆ.

ಈ ಹಳ್ಳಿ ಮಾತುಗಳಿಗೆ ವಯಸ್ಸಾಗಿದೆ. ‘ತಂದೆ’ ಅನ್ನುವ ಅರ್ಥದಲ್ಲಿ, ಅಂದರೆ ಏನನ್ನಾದರೂ ಹೊತ್ತು ತಂದೆ ಅನ್ನುವಾಗ, ಪುಸ್ತಕದ ರೂಪ ‘ತ್ರಾಹೆ’. ಹಳ್ಳಿಯವರು ‘ತ್ರೂಹೆ’ ಅನ್ನುತ್ತಾರೆ. 400 ವರ್ಷದ ಹಿಂದೆ ಸರ್ವಾಂತೆಸ್ ಬರೆದ ಡಾನ್ ಕಿಹೋತೆ ಕಾದಂಬರಿಯಲ್ಲೂ ‘ತ್ರೂಹೆ’ ಇದೆ. ಇದನ್ನು ಕ್ಲಾಸಿನಲ್ಲಿ ತೋರಿಸಿದಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಫೋನ್ ತೆಗೆದು ಅಜ್ಜಿಗೆ ಮೆಸೇಜ್ ಮಾಡುತ್ತಾರೆ. ಮಾಡಲಿ ಬಿಡಿ.

ಈಗ ನಾನು ಬೋರ್ಡಿನ ಮೇಲೆ ಎರಡು ಕಾಲಂ ಎಳೆಯುತ್ತೇನೆ. ಒಂದು ಕಡೆ ‘ಅಡುಗೆಮನೆ’, ಇನ್ನೊಂದು ಕಡೆ ‘ಆಫೀಸು’. ‘ಐಗ’ ಅಡುಗೆಮನೆಗೆ, ‘ಆಯ’ ಆಫೀಸಿಗೆ. ‘ನೀನು ಹೋದೆ’ ಅನ್ನುವ ‘ಫೂಯಿಸ್ತೆಸ್’ ಅಡುಗೆಮನೆಗೆ, ‘ಫೂಯಿಸ್ತೆ’ ಆಫೀಸಿಗೆ. ಯಾವುದನ್ನೂ ಅಳಿಸುವುದಿಲ್ಲ. ಕೆಲಸದ ಅರ್ಜಿಯಲ್ಲಿ ಅಡುಗೆಮನೆ ಮಾತು ಬಂದರೆ ಅಂಕ ಕಡಿಮೆ. ಅಜ್ಜಿಯ ಸಂಭಾಷಣೆ ಬರೆಯುವ ಕತೆಯಲ್ಲಿ ಆಫೀಸು ಮಾತು ಬಂದರೂ ಅಂಕ ಕಡಿಮೆ. ಈ ಎರಡನೇ ನಿಯಮ ಇಲ್ಲದಿದ್ದರೆ ಮೊದಲನೆಯದನ್ನು ಯಾರೂ ನಂಬುವುದಿಲ್ಲ.

ಇಂಗ್ಲಿಷಿನಿಂದ ಬಂದ ಶಬ್ದಗಳ ಕತೆ ಸ್ವಲ್ಪ ಬೇರೆ. ಟ್ರಕ್ಕಿಗೆ ‘ತ್ರೋಕ’, ಊಟದ ಡಬ್ಬಿಗೆ ‘ಲೋಂಚೆ’, ಗಾಡಿ ನಿಲ್ಲಿಸುವುದಕ್ಕೆ ‘ಪಾರ್ಕೆಆರ್’. ಬಸ್ಸು, ಲಾರಿ, ಕಾರು ಅನ್ನುವ ನಾವು ಇದಕ್ಕೆ ಮೂಗು ಮುರಿಯುವುದು ಚೆನ್ನಾಗಿರುವುದಿಲ್ಲ. ಇವೆಲ್ಲ ಅಡುಗೆಮನೆ ಕಾಲಂನಲ್ಲಿ ಆರಾಮಾಗಿರಲಿ. ನಿಜವಾಗಿ ತೊಂದರೆ ಕೊಡುವುದು ಎರಡೂ ಕಡೆ ಇರುವ, ಅರ್ಥ ಬೇರೆಯಾದ ಶಬ್ದಗಳು. ‘ಲಿಬ್ರೆರಿಯ’ ಅಂದರೆ ಪುಸ್ತಕದ ಅಂಗಡಿ, ಲೈಬ್ರರಿ ಅಲ್ಲ. ‘ಕಾರ್ಪೆತ’ ಅಂದರೆ ಫೈಲು, ನೆಲಕ್ಕೆ ಹಾಸುವ ಕಾರ್ಪೆಟ್ ಅಲ್ಲ. ಇವುಗಳಿಗೆ ಒಂದು ಗಂಟೆ ಮೀಸಲಿಡಿ, ಸಾಕು.

ಕ್ಲಾಸಿನೊಳಗೇ ಒಬ್ಬರನ್ನೊಬ್ಬರು ಕೀಳಾಗಿ ನೋಡುವುದು ಇನ್ನೊಂದು ಸಮಸ್ಯೆ. ಎಲ್ ಸಾಲ್ವಡಾರಿನವರು ‘ನೀನು’ ಅನ್ನಲು ‘ಬೋಸ್’ ಅನ್ನುತ್ತಾರೆ, ಮೆಕ್ಸಿಕೊದ ಹೆಚ್ಚಿನವರು ‘ತು’ ಅನ್ನುತ್ತಾರೆ. ನನ್ನ ಕ್ಲಾಸಿನಲ್ಲಿ ಮೆಕ್ಸಿಕೊ ಮನೆಯವರೇ ಜಾಸ್ತಿ. ಸಾಲ್ವಡಾರಿನ ಹುಡುಗ ಬೋಸ್ ಬಚ್ಚಿಟ್ಟುಕೊಂಡು ಮಾತಾಡುತ್ತಾನೆ. ಇದಕ್ಕೆ ಸ್ಟ್ರಾ ಆಟ ಆಡಿಸಿ. ಜ್ಯೂಸ್ ಕುಡಿಯುವ ಸ್ಟ್ರಾಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಮೆಕ್ಸಿಕೊದಲ್ಲಿ ಪೊಪೋತೆ, ಕೊಲಂಬಿಯಾದಲ್ಲಿ ಪಿತೀಯೊ, ಪೋರ್ಟೊರಿಕೊದಲ್ಲಿ ಸೊರ್ಬೇತೊ. ಬಸ್ಸಿಗೆ ಕ್ಯೂಬಾದಲ್ಲಿ ಗ್ವಾಗ್ವ. ಚಿಲಿಯಲ್ಲಿ ಗ್ವಾಗ್ವ ಅಂದರೆ ಹಸುಗೂಸು. ಹತ್ತು ನಿಮಿಷದಲ್ಲಿ ‘ಸರಿಯಾದ ಸ್ಪ್ಯಾನಿಷ್’ ಯಾವುದು ಅನ್ನುವ ಜಗಳ ತಾನಾಗಿ ನಿಲ್ಲುತ್ತದೆ. ಧಾರವಾಡದವರು, ಮಂಡ್ಯದವರು, ಕುಂದಾಪುರದವರು ಒಂದೇ ಹಾಸ್ಟೆಲ್ ರೂಮಿನಲ್ಲಿದ್ದ ಹಾಗೆ.

4. ಬರಹ: ಇಲ್ಲೇ ಹೆಚ್ಚು ಸಮಯ ಕೊಡಿ

ಹೊಸದಾಗಿ ಕಲಿಯುವವರಿಗೆ ಸ್ಪ್ಯಾನಿಷ್ ಬರಹ ಸುಲಭ, ಯಾಕೆಂದರೆ ಅವರು ಕಣ್ಣಿಂದ ಕಲಿಯುತ್ತಾರೆ. ಇವರು ಕಿವಿಯಿಂದ ಕಲಿತವರು. ಕಿವಿಗೆ ಬಿ ಮತ್ತು ವಿ ಒಂದೇ. ‘ಬಾಕ’ ಅಂದರೆ ಹಸು, ಬರೆಯುವುದು ವಿ ಇಂದ. ಮನೆಯಲ್ಲಿ ಅಮ್ಮಂದಿರು ಕೂಡ ‘ಬುರೊದ ಬಿ ಹಾಕಬೇಕಾ, ಬಾಕದ ವಿ ಹಾಕಬೇಕಾ’ ಅಂತ ಕೇಳುತ್ತಾರೆ, ಅಂದರೆ ಕತ್ತೆಯ ಅಕ್ಷರವೋ ಹಸುವಿನ ಅಕ್ಷರವೋ ಅಂತ. ಲ್ಯಾಟಿನ್ ಅಮೆರಿಕದಲ್ಲಿ ಎಸ್, ಝಡ್ ಎರಡೂ ‘ಸ’. ಹಾಗಾಗಿ ‘ಕಾಸ’ ಅನ್ನುವುದು ಎಸ್ ಹಾಕಿದರೆ ಮನೆ, ಝಡ್ ಹಾಕಿದರೆ ಬೇಟೆ.

ಎಚ್ ಅಕ್ಷರದ್ದು ದೊಡ್ಡ ತಮಾಷೆ. ಅದಕ್ಕೆ ಸದ್ದೇ ಇಲ್ಲ. ‘ಅಬೇರ್’ ಅಂದರೆ ‘ನೋಡೋಣ’ ಆಗಬಹುದು, ‘ಇರು’ ಅನ್ನುವ ಕ್ರಿಯಾಪದವೂ ಆಗಬಹುದು. ಮೊದಲನೆಯದರಲ್ಲಿ ಎಚ್ ಇಲ್ಲ, ಎರಡು ಶಬ್ದ. ಎರಡನೆಯದರಲ್ಲಿ ಎಚ್ ಇದೆ, ಒಂದೇ ಶಬ್ದ. ಒಂದು ಸಲ ತಿದ್ದಿದರೆ ಮಕ್ಕಳು ಭಯಬಿದ್ದು ಬೇಡದ ಕಡೆಯೆಲ್ಲ ಎಚ್ ಹಾಕುತ್ತಾರೆ. ‘ಆದರದ ಸ್ವಾಗತ’ಕ್ಕೆ ಹಕಾರ ಸೇರಿಸಿ ಸಭೆಯನ್ನೆಲ್ಲ ನಗಿಸಿದ ಭಾಷಣಕಾರನ ಜೋಕು ನಮಗೆ ಗೊತ್ತಲ್ಲ, ಅದೇ ಕತೆ. ಮದ್ದು ಏನೆಂದರೆ ಎಲ್ಲ ಜೋಡಿಗಳನ್ನೂ ಒಟ್ಟಿಗೆ ಕೊಡಬೇಡಿ. ವಾರಕ್ಕೆ ಒಂದೇ ಜೋಡಿ. ಅವರದೇ ವಾಟ್ಸಾಪ್ ಮೆಸೇಜಿನಿಂದ, ಅವರು ಒಪ್ಪಿದರೆ, ಉದಾಹರಣೆ ತೆಗೆದುಕೊಳ್ಳಿ.

ಇನ್ನು ಅಕ್ಷರದ ಮೇಲೆ ಹಾಕುವ ಗೆರೆ, ‘ಅಸೆಂತೊ’. ಇದನ್ನು ಹಾಕದೆ ‘ನನ್ನ ಅಪ್ಪನಿಗೆ ಐವತ್ತು ವರ್ಷ’ ಅಂತ ಬರೆದರೆ ‘ನನ್ನ ಆಲೂಗಡ್ಡೆಗೆ ಐವತ್ತು ವರ್ಷ’ ಅಂತಾಗುತ್ತದೆ. ಮೊದಲ ಅಕ್ಷರ ಒತ್ತಿದರೆ ‘ಪಾಪ’, ಅದು ಆಲೂಗಡ್ಡೆ. ಕೊನೆಯದನ್ನು ಒತ್ತಿದರೆ ‘ಪಪಾ’, ಅದು ಅಪ್ಪ. ‘ಆಬ್ಲೊ’ ಅಂದರೆ ನಾನು ಮಾತಾಡುತ್ತೇನೆ, ‘ಅಬ್ಲೋ’ ಅಂದರೆ ಅವನು ಮಾತಾಡಿದ.

ನಿಯಮ ಚಿಕ್ಕದು. ಶಬ್ದ ಸ್ವರದಲ್ಲೋ, ಎನ್ ಅಥವಾ ಎಸ್ ಅಕ್ಷರದಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಉಚ್ಚಾರದ ತುಣುಕಿಗೆ. ಬೇರೆ ಅಕ್ಷರದಲ್ಲಿ ಮುಗಿದರೆ ಒತ್ತು ಕೊನೆಯದಕ್ಕೆ. ಮಾತು ಈ ನಿಯಮ ಮೀರಿದ ಕಡೆ ಗೆರೆ ಹಾಕಬೇಕು. ಹೆಚ್ಚಿನ ಪಠ್ಯಪುಸ್ತಕಗಳು ಗೆರೆ ನೋಡಿ ಒತ್ತು ಹೇಳಿ ಅನ್ನುತ್ತವೆ. ಇವರಿಗೆ ಅದು ಉಲ್ಟಾ ಆಗಬೇಕು. ಒತ್ತು ಎಲ್ಲಿದೆ ಅಂತ ಇವರ ಕಿವಿಗೆ ಆಗಲೇ ಗೊತ್ತು. ಆದರೆ ಗೊತ್ತಿದೆ ಅಂತ ಗೊತ್ತಿಲ್ಲ. ಹಾಗಾಗಿ ಶಬ್ದವನ್ನು ಬೀದಿಯ ಆ ತುದಿಯಲ್ಲಿರುವ ಗೆಳೆಯನನ್ನು ಕರೆಯುವ ಹಾಗೆ ಕೂಗಿ ಅನ್ನಿ. ‘ತೆಲೇಏಏಫೊನೊ!’ ಎಲ್ಲಿ ಎಳೆದಿರೋ ಅಲ್ಲೇ ಒತ್ತು. ಆಮೇಲೆ ನಿಯಮದ ಜೊತೆ ಹೋಲಿಸಿ. ಎರಡು ವಾರ ದಿನಾ ಹತ್ತು ನಿಮಿಷ ಈ ಕೂಗಾಟ ಮಾಡಿಸಿ. ಪಕ್ಕದ ಕ್ಲಾಸಿನವರು ಬಂದು ನೋಡುತ್ತಾರೆ, ಹೆದರಬೇಡಿ.

5. ವ್ಯಾಕರಣ ಎಷ್ಟು ಬೇಕೋ ಅಷ್ಟು

ಕೋಷ್ಟಕ ಕೊಟ್ಟು ಬಾಯಿಪಾಠ ಮಾಡಿಸುವುದು ಸುಮ್ನೆ ಸಮಯ ವ್ಯರ್ಥ. ಮೊದಲು ಅವರೇ ಹತ್ತು ವಾಕ್ಯ ಹೇಳಲಿ, ಆಮೇಲೆ ನೀವು ಅದಕ್ಕೆ ಹೆಸರಿಡಿ. ‘ನೀನು ಬರಬೇಕು ಅಂತ ನನ್ನಾಸೆ’ ಅನ್ನುವಾಗ ಬಹಳ ಮಂದಿ ‘ಬೇಂಗಾಸ್’ ಅಂತ ಸರಿಯಾಗಿಯೇ ಹೇಳುತ್ತಾರೆ. ‘ಹಣ ಇದ್ದಿದ್ದರೆ ಕೊಳ್ಳುತ್ತಿದ್ದೆ’ ಥರದ ವಾಕ್ಯ ಬಂದಾಗ ತಡವರಿಸುತ್ತಾರೆ. ಇಂಗ್ಲಿಷ್ ಬೇಗ ಬಂದವರಲ್ಲಿ ಇದು ಜಾಸ್ತಿ. ಇಲಿನಾಯ್ ವಿಶ್ವವಿದ್ಯಾಲಯದ ಸಿಲ್ವಿನಾ ಮೊಂತ್ರುಲ್ ಅವರು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದು ಇಂಥ ವಿಷಯಗಳ ಮೇಲೆಯೇ. ಇದನ್ನು ಮರೆವು ಅಂತ ತಿಳಿಯಬೇಡಿ. ಮನೆಯ ದೊಡ್ಡವರ ಮಾತಿನಲ್ಲೇ ಆ ರೂಪ ಅಪರೂಪವಾಗಿದ್ದರೆ ಮಗುವಿಗೆ ಎಲ್ಲಿಂದ ಬರಬೇಕು?

ಗೌರವದ ‘ಉಸ್ತೆದ್’ ಮಾತ್ರ ಬಿಡಬೇಡಿ. ಮನೆಯಲ್ಲಿ ತು ಅಂತಲೇ ಬೆಳೆದವನು ಪ್ರೊಫೆಸರಿಗೂ ತು ಅಂತ ಇಮೇಲ್ ಕಳಿಸುತ್ತಾನೆ. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳು ಊರಿಗೆ ಬಂದಾಗ ತಾತನಿಗೆ ‘ನೀನು ಬಾ’ ಅಂದು ಎಲ್ಲರನ್ನೂ ತಬ್ಬಿಬ್ಬು ಮಾಡುವುದಿಲ್ಲವೇ? ಅವರಿಗೆ ಗೌರವ ಇಲ್ಲ ಅಂತಲ್ಲ, ‘ನೀವು’ ಬೇಕಾಗುವ ಸಂದರ್ಭವೇ ಅವರ ಕಿವಿಗೆ ಬಿದ್ದಿಲ್ಲ. ಬ್ಯಾಂಕು, ಕ್ಲಿನಿಕ್ಕು, ಬಾಡಿಗೆ ಮನೆ ಅಂತ ಸಣ್ಣ ನಾಟಕ ಆಡಿಸಿ. ಒಂದೇ ದಿನದಲ್ಲಿ ಹಿಡಿಯುತ್ತಾರೆ.

6. ದೊಡ್ಡದರಿಂದ ಚಿಕ್ಕದಕ್ಕೆ

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೆರಿಟೇಜ್ ಭಾಷೆಗಳಿಗೆಂದೇ ಒಂದು ರಾಷ್ಟ್ರೀಯ ಕೇಂದ್ರ ಇದೆ. ಅದನ್ನು ನಡೆಸಿದ ಓಲ್ಗಾ ಕಾಗನ್ ರಷ್ಯನ್ ಕಲಿಸುತ್ತಿದ್ದವರು. ಶಬ್ದದಿಂದ ವಾಕ್ಯಕ್ಕೆ, ವಾಕ್ಯದಿಂದ ಪ್ಯಾರಾಕ್ಕೆ ಹೋಗುವ ಹಾದಿ ಇವರಿಗೆ ಬೇಡ, ಇಡೀ ಬರಹದಿಂದ ಶುರು ಮಾಡಿ ಕೆಳಗಿಳಿಯಿರಿ ಅನ್ನುವುದು ಅವರ ಮಾತಿನ ತಿರುಳು. ನನ್ನ ಅನುಭವದಲ್ಲಿ ಇದು ಪೂರ್ತಿ ನಿಜ.

ಕ್ರಮ ಹೀಗಿರಲಿ: ಮೊದಲು ಕೇಳಿಸಿ, ಆಮೇಲೆ ಅದರ ಬಗ್ಗೆ ಮಾತಾಡಿಸಿ, ಅದೇ ವಿಷಯದ ಬರಹ ಓದಿಸಿ, ಕೊನೆಗೆ ಬರೆಸಿ. ಮನೆಮದ್ದು ಅಂತ ಒಂದು ವಿಷಯ ತೆಗೆದುಕೊಂಡರೆ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಲಿ, ಅಜ್ಜಿಯನ್ನು ಕೇಳಿಯೇ. ಅದನ್ನು ಇದ್ದ ಹಾಗೇ ಬರೆದುಕೊಳ್ಳಲಿ. ಆಮೇಲೆ ಅದನ್ನೇ ಒಂದು ಆರೋಗ್ಯ ಪತ್ರಿಕೆಗೆ ಕಳಿಸುವ ಲೇಖನ ಮಾಡಲಿ. ಅಡುಗೆಮನೆ ಕಾಲಂನಿಂದ ಆಫೀಸು ಕಾಲಂಗೆ ದಾಟುವ ಕೆಲಸವೆಲ್ಲ ಅಲ್ಲೇ ಆಗಿಬಿಡುತ್ತದೆ.

ಇವರಲ್ಲಿ ಬಹಳ ಮಂದಿ ಎಂಟು ಒಂಬತ್ತು ವಯಸ್ಸಿನಿಂದ ಅಪ್ಪ ಅಮ್ಮನಿಗೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ದುಭಾಷಿ ಆಗಿದ್ದವರು. ಆ ಅನುಭವಕ್ಕೆ ಯಾವ ಶಾಲೆಯೂ ಅಂಕ ಕೊಟ್ಟಿಲ್ಲ. ನೀವು ಕೊಡಿ. ಶಾಲೆಯ ನೋಟೀಸು, ಲಸಿಕೆಯ ಫಾರಂ, ಬಾಡಿಗೆ ಕರಾರು ಅನುವಾದ ಮಾಡಿಸಿ. ನರ್ಸಿಂಗ್ ಓದುವವಳಿಗೆ ಇದು ನಾಳೆ ಕೆಲಸ ಕೊಡುವ ವಿದ್ಯೆ.

7. ಮಿಶ್ರ ಕ್ಲಾಸು ಬಂದರೆ

ಬೇರೆ ಕ್ಲಾಸು ಮಾಡುವಷ್ಟು ಮಕ್ಕಳಿಲ್ಲ ಅಂತ ಹೊಸಬರನ್ನೂ ಇವರನ್ನೂ ಒಂದೇ ಕಡೆ ಕೂರಿಸುವ ಕಾಲೇಜುಗಳೇ ಜಾಸ್ತಿ. ಆಗ ಎರಡು ಅಪಾಯ. ಹೊಸಬರು ಇವರ ವೇಗಕ್ಕೆ ಹೆದರುತ್ತಾರೆ, ಇವರು ಹೊಸಬರ ವ್ಯಾಕರಣಕ್ಕೆ ಹೆದರುತ್ತಾರೆ. ಜೋಡಿ ಮಾಡಿ, ಆದರೆ ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಬೇಕಾಗುವ ಕೆಲಸ ಕೊಡಿ. ಒಬ್ಬಳು ರೇಡಿಯೊ ಕೇಳಿ ಹೇಳಲಿ, ಇನ್ನೊಬ್ಬ ಕಾಗುಣಿತ ನೋಡಲಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಹುಡುಗಿಯನ್ನು ನಿಮ್ಮ ಸಂಬಳವಿಲ್ಲದ ಅಸಿಸ್ಟೆಂಟ್ ಮಾಡಿಕೊಳ್ಳಬೇಡಿ. ಅವಳೂ ಫೀಸು ಕಟ್ಟಿ ಬಂದಿದ್ದಾಳೆ.

8. ಅಂಕ

ಎಲ್ಲರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಹನ್ನೆರಡನೇ ವಯಸ್ಸಿಗೆ ಬಂದವನು ಏನೂ ಮಾಡದೆ ಎ ತೆಗೆದುಕೊಳ್ಳುತ್ತಾನೆ, ಕಷ್ಟಪಟ್ಟ ಮೂರನೇ ಗುಂಪಿನವಳಿಗೆ ಸಿ. ಅರ್ಧ ಅಂಕವನ್ನು ಫೈಲಿಗೆ ಇಡಿ. ಪ್ರತಿ ಬರಹದ ಮೊದಲ ಪ್ರತಿ, ಎರಡನೇ ಪ್ರತಿ, ಏನು ಬದಲಾಯಿಸಿದೆ ಯಾಕೆ ಅನ್ನುವ ಎರಡು ಸಾಲು. ಮೊದಲ ವಾರ ಎತ್ತಿಟ್ಟ ಆ ಒಂದು ಪುಟವನ್ನು ಈಗ ವಾಪಸ್ ಕೊಡಿ. ಅದನ್ನೇ ಪೂರ್ತಿ ಸ್ಪ್ಯಾನಿಷಿನಲ್ಲಿ ಮತ್ತೆ ಬರೆಯಲಿ.

ಕೊನೆಯ ಕೆಲಸ ಒಂದು ಕಾಗದ. ಕೈಯಲ್ಲಿ ಬರೆದದ್ದು, ಊರಿನಲ್ಲಿರುವ ಯಾರಿಗಾದರೂ, ಸ್ಟ್ಯಾಂಪ್ ಹಚ್ಚಿ ಪೋಸ್ಟ್ ಮಾಡುವಂಥದ್ದು. ಸ್ಟ್ಯಾಂಪುಗಳನ್ನು ನಾನೇ ತಂದು ಮೇಜಿನ ಮೇಲೆ ಇಡುತ್ತೇನೆ. ಕಾಗದ ತಲುಪುವ ಅಜ್ಜಿಗೆ ಓದಲು ಬಾರದಿದ್ದರೆ ಫೋನ್ ಮಾಡಿ ಓದಿ ಹೇಳಲಿ. ಅದಕ್ಕೂ ಅಷ್ಟೇ ಅಂಕ.